ಅಪರೂಪದ ಅಪಾಯವನ್ನೂ ಹೇಳಬೇಕೇ?



ಕರುಳು ಕೆಲಸ ಮಾಡದ ರೋಗಿಗೆ ಬಾಯಿಂದಾಗಲಿ ಮೂಗಿನ ಕೊಳವೆಯಿಂದಾಗಲಿ ಆಹಾರ ಕೊಡಲಾಗದು. ಆಗ ವೈದ್ಯರು ಕುತ್ತಿಗೆಯ ಅಥವಾ ಎದೆಯ ಮೇಲ್ಭಾಗದ ದೊಡ್ಡ ರಕ್ತನಾಳಕ್ಕೆ ತೆಳುವಾದ ಕೊಳವೆ ಹಾಕಿ, ತುದಿಯನ್ನು ಹೃದಯದ ಹತ್ತಿರ ತಲುಪಿಸುತ್ತಾರೆ. ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬು, ಲವಣ, ವಿಟಮಿನ್‌ಗಳು ನೇರವಾಗಿ ರಕ್ತಕ್ಕೆ ಸೇರುತ್ತವೆ. 1960ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ಬೆಳೆಸಿದ ಈ ವಿಧಾನ ಬಹಳ ಜೀವಗಳನ್ನು ಉಳಿಸಿದೆ.

ಅಪಾಯವೂ ಇದೆ. ಸೋಂಕು ತಗಲಬಹುದು, ರಕ್ತ ಹೆಪ್ಪುಗಟ್ಟಬಹುದು ಎಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ತೀರಾ ಅಪರೂಪಕ್ಕೆ ಕೊಳವೆಯ ತುದಿ ಹೃದಯದ ಗೋಡೆಯನ್ನೇ ತೂತು ಮಾಡುವುದುಂಟು. ಆಗ ದ್ರವ ಹೃದಯದ ಸುತ್ತ ತುಂಬಿ ಅದನ್ನು ಬಡಿಯಲು ಬಿಡದೆ ಒತ್ತುತ್ತದೆ. ಕೊಳವೆಯ ಮುಚ್ಚಳ ಕಳಚಿದರೆ ಗಾಳಿಯೂ ರಕ್ತದೊಳಗೆ ಹೋಗಬಹುದು. ಇದನ್ನೆಲ್ಲ ಮನೆಯವರಿಗೆ ಹೇಳಬೇಕೇ?

ಬೇಡ ಎನ್ನುವವರ ಮಾತಿಗೂ ತೂಕವಿದೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರೋಗಿಯ ಒಪ್ಪಿಗೆಗೆ ಮೊದಲು ಸಾಕಷ್ಟು ಮಾಹಿತಿ ಕೊಡಬೇಕು ಎಂದಿತು. ಆದರೆ ಹೆದರಿಸಿ ಗೊಂದಲಗೊಳಿಸುವಂಥ ದೂರದ ಅಪಾಯಗಳನ್ನು ವಿವರಿಸಬೇಕಿಲ್ಲ ಎಂದೂ ಹೇಳಿತು. ಹೆದರಿ ಚಿಕಿತ್ಸೆಯನ್ನೇ ಬೇಡವೆಂದರೆ ರೋಗಿಗೆ ಉಪವಾಸವೇ ಗತಿ.

ಆದರೂ ಹೇಳಬೇಕೆಂದೇ ನನ್ನ ಅಭಿಪ್ರಾಯ. ರಾತ್ರಿಯಿಡೀ ಮಂಚದ ಪಕ್ಕ ಕೂರುವವರು ಮನೆಯವರು. ರೋಗಿಗೆ ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ವಿಷಯ ತಿಳಿದವರು ಕೂಡಲೇ ನರ್ಸನ್ನು ಕರೆಯುತ್ತಾರೆ. ಬೇಗ ಗುರುತಿಸಿ, ದ್ರವ ನಿಲ್ಲಿಸಿ, ಹೃದಯದ ಸುತ್ತ ತುಂಬಿದ್ದನ್ನು ತೆಗೆದರೆ ಜೀವ ಉಳಿಯಬಹುದು. ತಿಳಿಯದವರು ‘ಗ್ಯಾಸ್ ಇರಬೇಕು’ ಎಂದು ಬೆಳಗಾಗುವವರೆಗೆ ಕಾಯುತ್ತಾರೆ.

ಇನ್ನೊಂದು ಕಾರಣವೂ ಇದೆ. 1957ರಲ್ಲಿ ಪೋಪ್ ಹನ್ನೆರಡನೇ ಪಯಸ್ ವೈದ್ಯರಿಗೆ ಹೇಳಿದಂತೆ, ವೈದ್ಯನಿಗೆ ರೋಗಿಯ ಮೇಲೆ ಸ್ವತಂತ್ರ ಹಕ್ಕಿಲ್ಲ. ರೋಗಿಯ ಅನುಮತಿ ಬೇಕು. ನಮ್ಮ ಗಡಿನಾಡಿನಲ್ಲಿ ಒಪ್ಪಿಗೆ ಪತ್ರ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ನಮ್ಮ ಎಷ್ಟೋ ಹಿರಿಯರಿಗೆ ಓದಲು ಬರುವುದು ಕನ್ನಡ ಮಾತ್ರ. ಅರ್ಥವಾಗದ ಕಾಗದಕ್ಕೆ ಹಾಕಿದ ಸಹಿಯನ್ನು ಅನುಮತಿ ಎನ್ನಬಹುದೇ?

ಯುವಜನರೇ, ರೋಗಿಗಳನ್ನು ನೋಡಲು ಹಣ್ಣು ಒಯ್ಯುತ್ತೇವೆ, ಜಪಸರ ಹೇಳುತ್ತೇವೆ. ಜೊತೆಗೆ ಆ ಪತ್ರವನ್ನೂ ಕನ್ನಡದಲ್ಲಿ ಓದಿ ಹೇಳೋಣ. ಏನಾಗಬಹುದು, ಹೇಗೆ ಗೊತ್ತಾಗುತ್ತದೆ, ಯಾರನ್ನು ಕರೆಯಬೇಕು ಎಂಬ ಮೂರು ಪ್ರಶ್ನೆಗಳನ್ನು ಅವರ ಪರವಾಗಿ ವೈದ್ಯರಲ್ಲಿ ಕೇಳೋಣ.

– ಯುವಜನ ಸಂಯೋಜಕ