ಒಂದೇ ಬಣ್ಣದ ಅಂಗಿ



ಜೂನ್ ತಿಂಗಳೆಂದರೆ ನಮ್ಮ ಮನೆಗಳಲ್ಲಿ ಲೆಕ್ಕಾಚಾರದ ತಿಂಗಳು. ಫೀಸು, ಪುಸ್ತಕ, ಕೊಡೆ, ಅದರ ಜೊತೆಗೆ ಸಮವಸ್ತ್ರ. ಎರಡು ಜೊತೆ ಬಟ್ಟೆ, ಟೈ, ಬೆಲ್ಟು, ಕಪ್ಪು ಶೂ, ವಾರದಲ್ಲಿ ಒಂದು ದಿನಕ್ಕೆಂದು ಬಿಳಿ ಶೂ. ಮೂರು ಮಕ್ಕಳಿರುವ ಕೂಲಿಯವರ ಮನೆಯಲ್ಲಿ ಈ ಪಟ್ಟಿಯನ್ನು ಓದುವಾಗಲೇ ತಾಯಿಯ ಎದೆ ಭಾರವಾಗುತ್ತದೆ.

ಇಷ್ಟಕ್ಕೂ ಸಮವಸ್ತ್ರ ಏಕೆ ಬೇಕು? ಸಂತ ಯಕೋಬರು ತಮ್ಮ ಪತ್ರದ ಎರಡನೆಯ ಅಧ್ಯಾಯದಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಸಭೆಗೆ ಇಬ್ಬರು ಬರುತ್ತಾರೆ. ಒಬ್ಬನ ಬೆರಳಲ್ಲಿ ಚಿನ್ನದ ಉಂಗುರ, ಮೈಮೇಲೆ ಬೆಲೆಬಾಳುವ ಉಡುಪು. ಇನ್ನೊಬ್ಬನದು ಕೊಳಕು ಬಟ್ಟೆ. ಮೊದಲನೆಯವನಿಗೆ ಒಳ್ಳೆಯ ಆಸನ, ಎರಡನೆಯವನಿಗೆ ನೆಲ. ಹೀಗೆ ಬಟ್ಟೆ ನೋಡಿ ಮಣೆ ಹಾಕುವುದು ಪಾಪವೆಂದು ಅವರು ಕಡಾಖಂಡಿತವಾಗಿ ಹೇಳುತ್ತಾರೆ. ಶಾಲೆಯಲ್ಲಿ ಈ ಪಾಪಕ್ಕೆ ಎಡೆಯಿರಬಾರದೆಂದೇ ಒಂದೇ ಬಣ್ಣದ ಅಂಗಿ. ಎಸ್ಟೇಟ್ ಮಾಲೀಕರ ಮಗನೂ ಅದೇ ಎಸ್ಟೇಟಿನ ಕೂಲಿಯ ಮಗನೂ ಒಂದೇ ಬೆಂಚಿನಲ್ಲಿ ಒಂದೇ ರೀತಿ ಕಾಣಲಿ ಎಂಬುದೇ ಅದರ ಉದ್ದೇಶ.

1552ರಲ್ಲಿ ಲಂಡನ್ನಿನಲ್ಲಿ ಬಡಮಕ್ಕಳಿಗಾಗಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ಆರಂಭವಾಯಿತು. ಅಲ್ಲಿನ ಮಕ್ಕಳ ಉದ್ದನೆಯ ನೀಲಿ ಕೋಟು ಇಂದಿಗೂ ಪ್ರಸಿದ್ಧ. ಆ ಕೋಟನ್ನು ಶಾಲೆಯೇ ಕೊಡುತ್ತಿತ್ತು. ಅಂದರೆ ಸಮವಸ್ತ್ರ ಹುಟ್ಟಿದ್ದು ಬಡಮಗುವಿನ ಮೈ ಮುಚ್ಚುವುದಕ್ಕೆ. ಬಡಮಗುವನ್ನು ಎತ್ತಿ ತೋರಿಸುವುದಕ್ಕಲ್ಲ.

ಆದರೆ ಅಸೆಂಬ್ಲಿಯಲ್ಲಿ ಬಣ್ಣ ಮಾಸಿದ ಅಂಗಿಯ ಹುಡುಗನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದರೆ ಏನಾಗುತ್ತದೆ? ಶೂ ಇಲ್ಲದ ಹುಡುಗಿಯನ್ನು ಎಲ್ಲರೆದುರು ಗದರಿಸಿ ಮನೆಗೆ ಕಳುಹಿಸಿದರೆ? ಬಡತನವನ್ನು ಮರೆಮಾಡಬೇಕಾದ ವಸ್ತ್ರವೇ ಬಡತನವನ್ನು ಡಂಗುರ ಸಾರುತ್ತದೆ. ಸಬ್ಬತ್ ದಿನ ಇರುವುದು ಮನುಷ್ಯನಿಗಾಗಿ ಎಂದು ಯೇಸುಸ್ವಾಮಿ ಕಲಿಸಿದರು. ಹಾಗೆಯೇ ಸಮವಸ್ತ್ರದ ನಿಯಮ ಇರುವುದು ಮಗುವಿಗಾಗಿ.

ಹಾಗಾದರೆ ಶಿಸ್ತು ಬೇಡವೇ? ಖಂಡಿತ ಬೇಕು. ಒಗೆದ ಬಟ್ಟೆ, ಬಾಚಿದ ತಲೆ, ಸಮಯಕ್ಕೆ ಸರಿಯಾಗಿ ಹಾಜರಿ, ಇವನ್ನು ಪ್ರತಿ ಮಗುವಿನಿಂದಲೂ ಕೇಳೋಣ. ಹೊಸ ಶೂಗೆ ಮಾತ್ರ ದುಡ್ಡು ಬೇಕು, ಆ ದುಡ್ಡು ಮಗುವಿನ ಕೈಯಲ್ಲಿಲ್ಲ. ಕೇಳುವುದಿದ್ದರೆ ತಂದೆತಾಯಿಯನ್ನು ಕರೆದು ಗುಟ್ಟಾಗಿ ಕೇಳಬೇಕು, ಕೇಳುವಾಗಲೇ ಸಹಾಯದ ದಾರಿಯನ್ನೂ ತೋರಿಸಬೇಕು.

2009ರ ಶಿಕ್ಷಣ ಹಕ್ಕು ಕಾಯಿದೆ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಈ ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿತು. ಆದರೆ ಶುಭಸಂದೇಶ ನಮ್ಮ ಶಾಲೆಗಳಿಗೂ ಅನ್ವಯಿಸುತ್ತದೆಯಲ್ಲವೇ? ಅದರಿಂದ ವಿನಾಯಿತಿ ಕೊಡಬಲ್ಲ ನ್ಯಾಯಾಲಯ ಯಾವುದೂ ಇಲ್ಲ.

ಅನುಕೂಲವಿರುವ ತಂದೆತಾಯಿಯರೇ, ನಿಮ್ಮ ಮಗುವಿಗೆ ಚಿಕ್ಕದಾದ ಸಮವಸ್ತ್ರವನ್ನು ಪೆಟ್ಟಿಗೆಯಲ್ಲಿಟ್ಟು ಹುಳ ಹಿಡಿಸಬೇಡಿ. ಒಗೆದು, ಗುಂಡಿ ಹೊಲಿದು, ಇಸ್ತ್ರಿ ಹಾಕಿ ಕೊಡಿ. ಧರ್ಮಕೇಂದ್ರದ ಸಂತ ವಿನ್ಸೆಂಟ್ ದೇ ಪೌಲ್ ಸಭೆಯವರ ಮೂಲಕವೋ ಶಾಲೆಯ ಸಿಸ್ಟರ್ ಮೂಲಕವೋ ಕೊಟ್ಟರೆ ಯಾರ ಅಂಗಿ ಯಾರ ಮೈಮೇಲಿದೆ ಎಂದು ಮಕ್ಕಳಿಗೆ ತಿಳಿಯುವುದಿಲ್ಲ. ಊಟದ ಹೊತ್ತಿನಲ್ಲಿ, "ಅವಳು ಹಾಕಿರುವುದು ನಾವು ಕೊಟ್ಟದ್ದು" ಎಂಬ ಒಂದು ಮಾತು ನಿಮ್ಮ ಬಾಯಿಂದ ಜಾರಿದರೂ ಸಾಕು, ನಾಳೆ ಅದು ತರಗತಿಯಲ್ಲಿ ಇನ್ನೊಂದು ಮಗುವಿನ ಕಣ್ಣೀರಾಗುತ್ತದೆ.

ನಾಲ್ಕನೆಯ ಶತಮಾನದ ಸಂತ ಮಾರ್ಟಿನರನ್ನು ನೆನೆಯಿರಿ. ಆಗ ಅವರು ಜ್ಞಾನಸ್ನಾನವನ್ನೂ ಪಡೆದಿರದ ಸೈನಿಕ. ಅಮಿಯಾ ಪಟ್ಟಣದ ಬಾಗಿಲಲ್ಲಿ ಚಳಿಗೆ ನಡುಗುತ್ತಿದ್ದ ಭಿಕ್ಷುಕನನ್ನು ಕಂಡು ತಮ್ಮ ಸೈನಿಕ ಮೇಲಂಗಿಯನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟರು. ಅರ್ಧ ಅಂಗಿಯಲ್ಲಿ ನಿಂತ ಸೈನಿಕನನ್ನು ಕಂಡು ನೋಡಿದವರಲ್ಲಿ ಕೆಲವರು ನಕ್ಕರು. ಆ ರಾತ್ರಿ ಕನಸಿನಲ್ಲಿ ಆ ಅರ್ಧವನ್ನು ಹೊದ್ದು ಬಂದವರು ಸ್ವತಃ ಪ್ರಭು ಕ್ರಿಸ್ತರು.

ಜ್ಞಾನಸ್ನಾನದ ದಿನ ಬಡವ ಬಲ್ಲಿದರ ಮಕ್ಕಳಿಗೆಲ್ಲ ಧರ್ಮಸಭೆ ತೊಡಿಸುವುದು ಒಂದೇ ಬಿಳಿ ವಸ್ತ್ರ. ಅದೇ ನಮ್ಮ ಮೊದಲ ಸಮವಸ್ತ್ರ. ನಮ್ಮ ಮನೆಯಿಂದಾಗಲಿ ನಮ್ಮ ಶಾಲೆಯಿಂದಾಗಲಿ ಯಾವ ಮಗುವೂ ಬಟ್ಟೆಯ ಕಾರಣಕ್ಕೆ ತಲೆ ತಗ್ಗಿಸದಂತೆ ನೋಡಿಕೊಳ್ಳುವ ಕೃಪೆಯನ್ನು ದೇವರು ನಮಗೆಲ್ಲರಿಗೂ ದಯಪಾಲಿಸಲಿ.