ಮುಚ್ಚಿದ ದೋಷ

ವ್ರತದಲ್ಲಿ ಅತಿಚಾರವುಂಟಾದರೆ ಗುರುಸನ್ನಿಧಿಯಲ್ಲಿ ಮರೆಮಾಚದೆ ನಿವೇದಿಸಿ ಪ್ರಾಯಶ್ಚಿತ್ತ ಪಡೆಯಬೇಕೆಂಬುದು ವಿಧಿ. ಮೇಲೆಮೇಲೆ ಸರಿಪಡಿಸಿದ ದೋಷವು ಒಳಗೇ ಬೆಳೆಯುವ ಬಗೆಗೆ ಜಪಾನಿನಲ್ಲಿ ನಡೆದ ದುರಂತವೊಂದು ನಿದರ್ಶನವಾಗಿದೆ.

1985ರ ಆಗಸ್ಟ್ 12ರ ಸಂಜೆ 524 ಜನರೊಡನೆ ಟೋಕಿಯೋದಿಂದ ಒಸಾಕಾಕ್ಕೆ ಹೊರಟ ವಿಮಾನವು ಗುನ್ಮಾ ಪ್ರಾಂತದ ಪರ್ವತಕ್ಕೆ ಅಪ್ಪಳಿಸಿತು. ಬದುಕುಳಿದವರು ನಾಲ್ವರು ಮಾತ್ರ. ಆದರೆ ಅದರ ಕಾರಣವು ಆ ಸಂಜೆ ಹುಟ್ಟಿದುದಲ್ಲ. 1978ರಲ್ಲಿ ಅದೇ ವಿಮಾನವು ಇಳಿಯುವಾಗ ಅದರ ಬಾಲವು ನೆಲಕ್ಕೆ ಉಜ್ಜಿತ್ತು. ಒಳಗಿನ ಗಾಳಿಯ ಒತ್ತಡವನ್ನು ತಡೆಯುವ ಹಿಂಬದಿಯ ಗೋಡೆಯನ್ನು ಆಗ ದುರಸ್ತಿ ಮಾಡಿದರು; ಎರಡು ಸಾಲು ರಿವೆಟ್ಟುಗಳು ಹೊರಬೇಕಾದ ಭಾರವನ್ನು ಒಂದೆಡೆ ಒಂದೇ ಸಾಲು ಹೊರುವಂತಾಯಿತು. ವಿಮಾನವು ಏಳು ವರ್ಷ ಹಾರಿತು. ಪ್ರತಿ ಹಾರಾಟದಲ್ಲಿಯೂ ಲೋಹವು ದಣಿಯಿತು, ಬಿರುಕು ಬೆಳೆಯಿತು. ಕಡೆಗೆ ಗೋಡೆಯೊಡೆದು, ಬಾಲದ ನೆಟ್ಟನೆಯ ರೆಕ್ಕೆಯ ಬಹುಭಾಗ ಹಾರಿಹೋಗಿ, ವಿಮಾನವನ್ನು ತಿರುಗಿಸುವ ಯಂತ್ರಾಂಗಗಳೆಲ್ಲ ನಿಶ್ಚೇಷ್ಟವಾದವು.

ಮಡಿದ 520 ಜೀವಗಳ ವಿಷಯದಲ್ಲಿ 'ಅವರವರ ಕರ್ಮ' ಎಂದು ಹಗುರವಾಗಿ ನುಡಿಯುವುದು ನಿರ್ದಯೆ. ಪ್ರಮಾದದಿಂದಾದ ಪ್ರಾಣಹಾನಿಯನ್ನೇ ಶಾಸ್ತ್ರವು ಹಿಂಸೆಯೆಂದು ಕರೆದಿದೆ. ಇಲ್ಲಿ ಪ್ರಮಾದವು ದುರಸ್ತಿ ಮಾಡಿದ ಕೈಗಳದು. ಗೋಡೆಯೊಡೆದ ಮೇಲೆ ಚಾಲಕರು ಎಂಜಿನ್ನುಗಳ ಬಲವನ್ನಷ್ಟೇ ಹೆಚ್ಚುಕಡಿಮೆ ಮಾಡುತ್ತ ಅರ್ಧ ಗಂಟೆ ಹೆಣಗಿದರು. ಹಿಂದೆ ಕುಳಿತ ಕೆಲವರು, ತೂರಾಡುವ ಆ ವಿಮಾನದಲ್ಲಿಯೇ, ಕೈಗೆ ಸಿಕ್ಕ ಕಾಗದದ ಮೇಲೆ ಮನೆಯವರಿಗೆ ಕಡೆಯ ಮಾತುಗಳನ್ನು ಬರೆದಿಟ್ಟರು.