ವಿದ್ಯಾರ್ಥಿಯ ಅನ್ನವೂ ದಾಸೋಹದ ಮರ್ಯಾದೆಯೂ

ಅನ್ನವಿಲ್ಲದೆ ವಿದ್ಯೆಯಿಲ್ಲವೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ಓದುವ ಮಕ್ಕಳಿಗೆ ಆ ಅನ್ನ ಎಲ್ಲಿಂದ ಬರಬೇಕು, ಹೇಗೆ ಬಂದರೆ ಅವರ ಸ್ವಾಭಿಮಾನ ಉಳಿದೀತು ಎಂಬ ಪ್ರಶ್ನೆಯೆದ್ದಾಗ ಸದ್ಭಕ್ತರಲ್ಲಿಯೂ ಭಿನ್ನಾಭಿಪ್ರಾಯ ತೋರುತ್ತದೆ.

ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯ ಕಡೆಯ ಒಂದು ಬಡ ಒಕ್ಕಲು ಮನೆಯನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ತುಸು ರಾಗಿಯ ಹೊಲ, ನಾಲ್ಕು ತೆಂಗಿನ ಮರ. ಮಳೆ ಬಂದರೆ ಬೆಳೆ, ಬಾರದಿದ್ದರೆ ಸಾಲ. ಆ ಮನೆಯ ಮಗನೋ ಮಗಳೋ ಅರಸೀಕೆರೆಯ ಇಲ್ಲವೆ ಹಾಸನ, ತುಮಕೂರುಗಳ ಕಾಲೇಜಿಗೆ ಹೋಗಬೇಕು. ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ‘ಅಕ್ಷರ ದಾಸೋಹ’ದ ಮಧ್ಯಾಹ್ನದ ಊಟವುಂಟು, ಮುಂದೆ ಅದು ನಿಲ್ಲುತ್ತದೆ. ಹಸಿವು ಮಾತ್ರ ನಿಲ್ಲುವುದಿಲ್ಲ.

ದಿನವೂ ಹೋಗಿಬರುವವರಿಗೆ ಬುತ್ತಿಗಿಂತ ಅಗ್ಗದ ಊಟ ಬೇರೊಂದಿಲ್ಲ. ಪರಸ್ಥಳದಲ್ಲಿ ನಿಲ್ಲುವವರು ಮೂರು ನಾಲ್ಕು ಜನ ಸೇರಿ ಕೊಠಡಿ ಹಿಡಿದು, ಮನೆಯ ರಾಗಿಹಿಟ್ಟು, ಹುರುಳಿ, ತೆಂಗಿನಕಾಯಿಗಳನ್ನು ಒಯ್ದು ಸರದಿಯಂತೆ ಅಡಿಗೆ ಮಾಡಿಕೊಳ್ಳುವುದುಂಟು. 2017ರಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದಾಗ ಅಲ್ಲಿ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಎಂದು ಗೊತ್ತುಮಾಡಲಾಯಿತು. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ ವಸತಿಗಾಗಿ 2013-14ರಲ್ಲಿ ಆರಂಭವಾದ ‘ವಿದ್ಯಾಸಿರಿ’ ಯೋಜನೆ ಮೊದಲಿಗೆ ತಿಂಗಳಿಗೆ 1,500 ರೂಪಾಯಿ ಕೊಟ್ಟಿತು. ದಿನಕ್ಕೆ 50 ರೂಪಾಯಿಯಾಯಿತು. ಕೊಠಡಿಯ ಬಾಡಿಗೆಯೂ ಅದರಲ್ಲಿಯೇ ಹೋಗಬೇಕೆಂದರೆ ತಟ್ಟೆಗೆ ಉಳಿಯುವುದೆಷ್ಟು ಎಂಬುದನ್ನು ಗೃಹಸ್ಥರು ಬಲ್ಲರು. ಇವೊಂದೂ ಸಾಲದವರಿಗೆ ಮಠದ ಪ್ರಸಾದನಿಲಯವಿದೆ.

ಅಭಿಮಾನಿಯಾದ ತಂದೆ ಹಿಂಜರಿಯುವುದು ಇಲ್ಲಿಯೇ. ‘ಮಗನನ್ನು ಧರ್ಮದ ಊಟಕ್ಕೆ ಬಿಟ್ಟನೆಂಬ ಮಾತು ಬೇಡ’ ಎಂದು ಆತ ಹೇಳುತ್ತಾನೆ. ಮಗನು ಪಟ್ಟಣದಲ್ಲಿ ಬೆಳಗಿನ ತಿಂಡಿಯನ್ನು ಬಿಟ್ಟು, ಅದನ್ನು ಮನೆಯವರಿಗೆ ತಿಳಿಸದೆ ತರಗತಿಯಲ್ಲಿ ತೂಕಡಿಸುತ್ತಾನೆ. ಇಂಥ ಅಭಿಮಾನ ಧರ್ಮಸಮ್ಮತವೇ?

ತಂದೆಯ ಸಂಕೋಚಕ್ಕೆ ಕಾರಣವಿಲ್ಲದಿಲ್ಲ. ಹಿಂದೆ ವಾರಾನ್ನದ ಪದ್ಧತಿಯಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಎಷ್ಟೋ ಬಡ ವಿದ್ಯಾರ್ಥಿಗಳನ್ನು ಆ ಪದ್ಧತಿ ಉಳಿಸಿತು. ಆದರೂ ದಿನಕ್ಕೊಂದು ಬಾಗಿಲಲ್ಲಿ ನಿಂತು, ಮನೆಯೊಡತಿಯ ಮುಖ ನೋಡಿ ಉಣ್ಣಬೇಕಾಗಿತ್ತು. ಇಂದು ನೆಂಟರ ಮನೆಯಲ್ಲಿದ್ದು ಓದುವ ಹುಡುಗಿಗೆ ಪರೀಕ್ಷೆಯ ದಿನವೂ ಪಾತ್ರೆ ತೊಳೆಯುವ ಕೆಲಸ ತಪ್ಪದಿದ್ದರೆ, ಅದೂ ಅದೇ ಜಾತಿಯ ಋಣ. ಕೊಡುವವನ ಕಣ್ಣೆದುರಿಗೆ ಉಣ್ಣುವವನು ಕುಗ್ಗಬೇಕಾದಲ್ಲಿ ಅದು ದಾನವಾದೀತು, ದಾಸೋಹವಾಗದು. ದಾಸೋಹದಲ್ಲಿ ತಲೆಬಾಗಬೇಕಾದವನು ನೀಡುವವನು. ತಾನು ದಾಸನೆಂಬ ಭಾವವೇ ಅದರ ಹುರುಳು.

ಸಾಮೂಹಿಕ ಪಂಕ್ತಿಯ ಹಿರಿಮೆ ಇರುವುದು ಇದರಲ್ಲಿಯೇ. ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ವಿದ್ಯಾರ್ಥಿಗಳಿಗೆ ಉಚಿತ ನಿಲಯವೂ ಅಲ್ಲಿ ನಡೆಯಿತು. ಅದರ ಆಶ್ರಯ ಪಡೆದು ಓದಿದವರಲ್ಲಿ, 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳೂ ಒಬ್ಬರು. ಮುಂದೆ ಅವರು ಊರೂರು ತಿರುಗಿ ಭಿಕ್ಷೆಯೆತ್ತಿ, ಜಾತಿಮತಗಳನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಅಂದು ಉಂಡ ಅನ್ನ ಅವರನ್ನು ಕುಗ್ಗಿಸಿತೆಂದು ಯಾರು ಹೇಳಿಯಾರು?

ಹಾಗಾದರೆ ನಾಚಬೇಕಾದ ಸ್ಥಳವಾದರೂ ಯಾವುದು? ಅದನ್ನು ಆಯ್ದಕ್ಕಿ ಲಕ್ಕಮ್ಮನವರು ತೋರಿಸಿಕೊಟ್ಟಿದ್ದಾರೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ವಾಡಿಕೆಗಿಂತ ಹೆಚ್ಚು ತಂದಾಗ, ಇಷ್ಟು ಆಸೆ ಭಕ್ತರಿಗೆ ಸಲ್ಲದೆಂದು ಆ ಶರಣೆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿಸಿದರು. ಅಕ್ಕಿಯನ್ನಾಯುವುದರಲ್ಲಿ ಅವರಿಗೆ ನಾಚಿಕೆ ತೋರಲಿಲ್ಲ; ಬೇಕಾದುದಕ್ಕಿಂತ ಹೆಚ್ಚು ತರುವುದರಲ್ಲಿ ತೋರಿತು. ಅದೇ ಬಡ ದಂಪತಿಗಳು ಜಂಗಮ ದಾಸೋಹವನ್ನೂ ನಡೆಸಿದರು.

ಈ ಅಳತೆಗೋಲನ್ನು ಹಿಡಿದರೆ ಪ್ರಶ್ನೆ ತಾನಾಗಿ ತಿಳಿಯಾಗುತ್ತದೆ. ಅಗತ್ಯವುಳ್ಳವನು ಪ್ರಸಾದನಿಲಯದಲ್ಲಿ ಉಂಡರೆ ಅದು ಅವನ ಹಕ್ಕು. ಶಕ್ತಿಯುಳ್ಳ ಗೃಹಸ್ಥನು ಉಳಿತಾಯದ ಆಸೆಯಿಂದ ಮಗನನ್ನು ಅಲ್ಲಿ ಸೇರಿಸಿದರೆ, ಬಡವನೊಬ್ಬನ ಎಲೆಯನ್ನು ಎತ್ತಿದಂತೆ. ಉಣ್ಣುವ ವಿದ್ಯಾರ್ಥಿಗೂ ಕಾಯಕವುಂಟು: ಓದುವುದು, ಬಡಿಸಲು ಕೈಗೂಡಿಸುವುದು, ಪ್ರಸಾದವನ್ನು ಚೆಲ್ಲದಿರುವುದು, ದುಡಿಮೆ ಬಂದ ಮೇಲೆ ಮತ್ತೊಬ್ಬನ ಎಲೆಗೆ ಅನ್ನವಾಗುವುದು.

ಕಣಕಟ್ಟೆಯಂಥ ಊರುಗಳ ಭಕ್ತರು ಸುಗ್ಗಿಯ ಕಣದಿಂದ ಒಂದು ಮೂಟೆ ರಾಗಿ, ತೋಟದಿಂದ ನಾಲ್ಕು ತೆಂಗಿನಕಾಯಿಗಳನ್ನು ವಿದ್ಯಾರ್ಥಿಗಳ ಪಾಲೆಂದು ತೆಗೆದಿರಿಸಬಲ್ಲರು. ಅಷ್ಟನ್ನು ಕೊಟ್ಟ ತಂದೆ ಮಗನನ್ನು ಪಂಕ್ತಿಯಲ್ಲಿ ಕೂರಿಸಲು ನಾಚಬೇಕಾಗಿಲ್ಲ. ಕೊಡಲಾಗದಿದ್ದ ವರ್ಷವೂ ನಾಚಬೇಕಾಗಿಲ್ಲ. ಹಸಿದ ಮಗುವಿನ ಮುಂದೆ ತಂದೆಯ ಅಭಿಮಾನ ದೊಡ್ಡದೆಂದು ಯಾವ ಶರಣರೂ ಹೇಳಲಿಲ್ಲ.